ಕೆಂಪು ಗೆರೆ

ಯುಕೆಜಿ ಓದುವ ಮಗಳ ಡೈರಿಯಲ್ಲಿ ‘ಶನಿವಾರ ಬೆಳಿಗ್ಗೆ 10.20ಕ್ಕೆ ಪೋಷಕರು ತಪ್ಪದೆ ಬರಬೇಕು’ ಎಂದಿತ್ತು. ‘ತಪ್ಪದೆ’ ಎಂಬುದರ ಕೆಳಗೆ ಕೆಂಪು ಗೆರೆ. ಏನೋ ನೆಪ ಹೇಳಿ ಕೆಳಮನೆಯ ಹುಡುಗನ ಡೈರಿ ತರಿಸಿ ನೋಡಿದೆ. ಅದರಲ್ಲಿ ಗೆರೆ ಇರಲಿಲ್ಲ. ಹೆಂಡತಿ ನಕ್ಕುಬಿಟ್ಟಳು. ನನಗೆ ಎರಡು ರಾತ್ರಿ ನಿದ್ದೆ ಹತ್ತಲಿಲ್ಲ.

ನಾನು ಓದಿದ್ದು ಪಾಂಡವಪುರದ ಕಡೆಯ ಹಳ್ಳಿಯಲ್ಲಿ. ಅಲ್ಲಿ ಮೇಷ್ಟ್ರು ಹೇಳಿಕಳುಹಿಸಿದರೆಂದರೆ ದೂರು ಎಂದೇ ಲೆಕ್ಕ. ಅಪ್ಪ ಒಮ್ಮೆ ಕಬ್ಬಿನ ಗದ್ದೆಯಿಂದ ನೇರ ಬಂದು, ಟವೆಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತರಗತಿಯ ಹೊಸ್ತಿಲಾಚೆಯೇ ನಿಂತಿದ್ದ. ದೂರು ನನ್ನ ಎಡಗೈಯದು. ಅಂದಿನಿಂದ ಬರೆಯಲು ಕೂತಾಗಲೆಲ್ಲ ಅಮ್ಮ ಆ ಕೈಗೆ ಹಳೆಯ ಸೀರೆಯ ಚೂರು ಸುತ್ತುತ್ತಿದ್ದಳು.

ಶನಿವಾರ ಇಸ್ತ್ರಿ ಅಂಗಿ ತೊಟ್ಟು, ಸರಸ್ವತಿಪುರಂನಿಂದ ಸ್ಕೂಟರಿನಲ್ಲಿ ಹೊರಟು ಅರ್ಧ ಗಂಟೆ ಮೊದಲೇ ಶಾಲೆ ತಲುಪಿದೆ. ಮಕ್ಕಳ ಕುರ್ಚಿಯಲ್ಲಿ ಕೂತರೆ ಮೊಣಕಾಲು ಎದೆಗೆ ಬಂತು.

ಮಿಸ್ ನನಗಿಂತ ಹತ್ತು ವರ್ಷ ಚಿಕ್ಕವರಿರಬೇಕು. ಮಗಳ ಪುಸ್ತಕ ಬಿಡಿಸಿದರು. ಒಂದು ಸಾಲಿನ ‘ಅ’ಗಳು ದುಂಡಗೆ ಕೂತಿದ್ದವು, ಅದೇ ಸಾಲಿನ ಕೊನೆಯವು ಕಾಲು ಮುರಿದವರಂತೆ ವಾಲಿದ್ದವು. 3 ಹಿಂದುಮುಂದಾಗಿತ್ತು.

“ಅಂಕಿ ತಿರುಗುವುದು ಈ ವಯಸ್ಸಿನಲ್ಲಿ ಮಾಮೂಲು, ಸರ್. ಆದರೆ ಸಾಲಿನ ನಡುವೆ ಇವಳು ಕೈ ಬದಲಿಸುತ್ತಾಳೆ. ನಾನು ಹತ್ತಿರ ಹೋದರೆ ಸಾಕು, ಪೆನ್ಸಿಲ್ ಬಲಗೈಗೆ ಹೋಗುತ್ತದೆ. ಮನೆಯಲ್ಲಿ ಯಾರಾದರೂ ಬೈಯುತ್ತಾರೆಯೇ?”

ಅಮ್ಮ ನಮ್ಮ ಮನೆಗೆ ಬಂದು ವರ್ಷವಾಯಿತು. ಸಂಜೆ ಹೋಂವರ್ಕ್ ಅವಳದೇ ಜವಾಬ್ದಾರಿ. ಪೆನ್ಸಿಲ್ ಕಿತ್ತು ಬಲಗೈಗೆ ಕೊಡುವುದನ್ನು ನಾನು ಕಂಡಿದ್ದೆ. ಕಂಡೂ ಮೊಬೈಲ್ ನೋಡುತ್ತ ಕೂತಿದ್ದೆ.

“ನಮ್ಮಮ್ಮ,” ಎಂದೆ. ಪೂರ್ತಿ ಹೇಳಲಾಗಲಿಲ್ಲ. ಮಿಸ್ ಕೆದಕಲಿಲ್ಲ. ಎಡಗೈಯಲ್ಲೇ ಬರೆಯಲು ಬಿಡಿ ಎಂದರು. ಪುಸ್ತಕದ ತಲೆಯನ್ನು ಸ್ವಲ್ಪ ಬಲಕ್ಕೆ ವಾಲಿಸಿಡಬೇಕು, ಪೆನ್ಸಿಲನ್ನು ತುಸು ಮೇಲೆ ಹಿಡಿಸಬೇಕು. ಇಲ್ಲದಿದ್ದರೆ ಬರೆದದ್ದರ ಮೇಲೆಯೇ ಕೈ ಉಜ್ಜಿ ಅಕ್ಷರ ಮಸಿಯಾಗುತ್ತದೆ. ಪಕ್ಕದವರ ಮೊಣಕೈ ತಾಗದಂತೆ ಅವಳನ್ನು ಬೆಂಚಿನ ಎಡತುದಿಗೆ ಕೂರಿಸಿದ್ದಾರಂತೆ. ನನ್ನ ಮೇಷ್ಟ್ರಿಗೆ ಬೆಂಚಿನ ತುದಿ ಹೊಳೆದಿರಲಿಲ್ಲ, ಫುಟ್‌ರೂಲರ್ ಹೊಳೆದಿತ್ತು.

ಮನೆಯಲ್ಲಿ ಅಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. “ಏನಂದರು ಮಿಸ್ಸು?”

ಹೇಳಿದೆ. ಅವಳ ಕೈ ನಿಲ್ಲಲಿಲ್ಲ. “ನಿನ್ನ ಕೈಯನ್ನೂ ನಾನೇ ತಿದ್ದಿದ್ದು. ನಿನಗೇನಾಗಿದೆ ಈಗ?”

“ಏನೂ ಆಗಿಲ್ಲಮ್ಮ. ಆ ಸೀರೆ ಚೂರಿನ ಬಣ್ಣ ಮಾತ್ರ ಇನ್ನೂ ನೆನಪಿದೆ. ಹಸಿರು.”

ಮೊರದಲ್ಲಿ ಕಾಳು ಬೀಳುವ ಸದ್ದು ಸ್ವಲ್ಪ ಹೊತ್ತು ಕೇಳುತ್ತಿತ್ತು. ಮಗಳು ಬಂದು ಅಜ್ಜಿಯ ಪಕ್ಕ ಕೂತು, ಎಡಗೈಯಿಂದ ಒಂದು ಕಾಯಿ ಎತ್ತಿಕೊಂಡಳು.

“ಬರೆದುಕೊಳ್ಳಲಿ ಬಿಡು,” ಎಂದಳು ಅಮ್ಮ. “ಊಟ ಮಾತ್ರ ಬಲಗೈಯಲ್ಲಿ.”