ಉಪ್ಪು ಬೆವರುವ ಎಲೆ

ತೇಲುತ್ತಾ ಸಮುದ್ರದೊಳಗೆ ನೋಡಲು ಹಾಕುವ ಸ್ನಾರ್ಕೆಲಿಂಗ್ ಮಾಸ್ಕ್ ಬಾಡಿಗೆಗೆ ತೆಗೆದುಕೊಳ್ಳುವ ಮೊದಲು, ಪಟ್ಟಿ ಹಾಕಿಕೊಳ್ಳದೆ ಮುಖಕ್ಕೆ ಒತ್ತಿ ಮೂಗಿನಲ್ಲಿ ಉಸಿರೆಳೆದು ನೋಡಿ. ಕೈ ಬಿಟ್ಟರೂ ಅಂಟಿಕೊಂಡಿರಬೇಕು. ನಾನು ನೋಡಲಿಲ್ಲ. ಈಜಿಪ್ಟಿನ ಕೆಂಪು ಸಮುದ್ರದ ದಡದ ಊರು ಶರ್ಮ್ ಅಲ್ ಶೇಖ್‌ನ ಅಂಗಡಿಯವನು ಕೊಟ್ಟದ್ದನ್ನು ಸುಮ್ನೆ ಚೀಲಕ್ಕೆ ಹಾಕಿಕೊಂಡೆ. ಹಾಗಾಗಿ ರಾಸ್ ಮೊಹಮ್ಮದ್‌ನ ಹವಳವನ್ನೆಲ್ಲ ನಾನು ನೋಡಿದ್ದು ಎರಡೆರಡು ನಿಮಿಷದ ಕಂತಿನಲ್ಲಿ, ನಡುನಡುವೆ ಮಾಸ್ಕಿನ ಉಪ್ಪುನೀರು ಚೆಲ್ಲುತ್ತಾ.

ಅಲ್ಲಿ ಹವಳದ ಅಂಚು ಬಾವಿಯ ಗೋಡೆಯ ಹಾಗೆ ನೇರ ಕೆಳಗಿಳಿಯುತ್ತದೆ. ಗೋಡೆಯ ತುಂಬ ಕಿತ್ತಳೆ ಬಣ್ಣದ ಪುಟ್ಟ ಮೀನು, ಕೆಳಗೆ ಬರೀ ಕಡುನೀಲಿ. ಡೈವ್ ಮಾಡಲು ಬರುವ ಗೆಳತಿ ಆಳಕ್ಕೆ ಹೋಗಿ, 1980ರಲ್ಲಿ ಇಲ್ಲಿ ಹವಳಕ್ಕೆ ಬಡಿದ ಯೊಲಾಂಡಾ ಹಡಗಿನ ಸರಕು ನೋಡಿಬಂದಳು. ಏನು ಸರಕು ಗೊತ್ತಾ? ಕಮೋಡು! ಎರಡು ದಿನ ಅದನ್ನೇ ಹೇಳಿ ನಕ್ಕಳು. ನನಗೆ ಅಷ್ಟೇನೂ ನಗು ಬರಲಿಲ್ಲ. ಹೊಟ್ಟೆಕಿಚ್ಚು ಅಂದುಕೊಳ್ಳಿ.

1983ರಲ್ಲಿ ಘೋಷಿಸಿದ ಈ ಜಾಗ ಈಜಿಪ್ಟಿನ ಮೊದಲ ರಾಷ್ಟ್ರೀಯ ಉದ್ಯಾನ. ಉದ್ಯಾನವಂತೆ! ಜೀಪಿನಲ್ಲಿ ಕೂತು ಕಣ್ಣು ಹಾಯಿಸಿದಷ್ಟೂ ಮರಳು, ಕಲ್ಲಾದ ಹಳೇ ಹವಳದ ದಿಬ್ಬ. ಒಂದು ಹುಲ್ಲುಕಡ್ಡಿಯೂ ಇಲ್ಲ. ಆಮೇಲೊಂದು ತಿರುವು, ಸಮುದ್ರದ ಸಣ್ಣ ಕಾಲುವೆ, ಅದರ ದಡದಲ್ಲಿ ಕಾಂಡ್ಲಾ!

ಕುಂದಾಪುರದ ಹಿನ್ನೀರಿನಲ್ಲಿ ನೋಡುತ್ತಾ ಬೆಳೆದ ಗಿಡ, ಇಂಗ್ಲಿಷಿನ ಮ್ಯಾಂಗ್ರೋವ್. ಅವಿಸೆನ್ನಿಯಾ ಮರೀನಾ, ನಮ್ಮಲ್ಲೂ ಇರುವ ಜಾತಿಯೇ. ಪೆನ್ಸಿಲು ನೆಟ್ಟಂತೆ ಕೆಸರಿನಿಂದ ಎದ್ದ ಉಸಿರಾಟದ ಬೇರುಗಳೂ ಅವೇ. ಆದರೆ ನಮ್ಮದಕ್ಕೆ ಹೊಳೆ ಇದೆ, ಆಷಾಢದ ಮಳೆ ಇದೆ. ಇಲ್ಲಿ ಹೊಳೆಯೇ ಇಲ್ಲ, ಮಳೆಯೂ ಇಲ್ಲದ ಹಾಗೆಯೇ. ಇದು ಸಮುದ್ರದ ನೀರನ್ನೇ ಬೇರಿನಲ್ಲಿ ಸೋಸಿ ಕುಡಿಯುತ್ತದೆ. ಒಳಗೆ ಬಂದ ಉಪ್ಪನ್ನು ಎಲೆಯಿಂದ ಹೊರಗೆ ಹಾಕುತ್ತದೆ. ಕೀಳದೆ, ಬಗ್ಗಿ ಒಂದು ಎಲೆ ನೆಕ್ಕಿದೆ. ಹಪ್ಪಳಕ್ಕಿಂತ ಉಪ್ಪು!

ಜೀಪಿನ ಬೆದೂಯಿನ್ ಚಾಲಕರು ನೋಡಿಯೇಬಿಟ್ಟರು. "ಶೂರಾ" ಎಂದು ಹೆಸರು ಹೇಳಿಕೊಟ್ಟರು. ಆಮೇಲೆ ಅವರ ಅರೆಬರೆ ಇಂಗ್ಲಿಷು, ನನ್ನ ಕೈಸನ್ನೆ.

"ನಿಮ್ಮೂರಲ್ಲೂ ಇದೆಯಾ?"

"ರಾಶಿ ಇದೆ."

"ಒಂಟೆಗೆ ಬಲು ಇಷ್ಟ, ಅಲ್ವಾ?"

"ನಮ್ಮಲ್ಲಿ ಒಂಟೆ ಇಲ್ಲ. ದನ ತಿನ್ನುತ್ತವೆ."

ಅವರು ಸ್ವಲ್ಪ ಯೋಚಿಸಿದರು. "ಹಾಲು ಉಪ್ಪಾಗುವುದಿಲ್ಲವಾ?"

ನನಗೆ ಗೊತ್ತಿರಲಿಲ್ಲ. ರಾತ್ರಿ ಅಮ್ಮನಿಗೆ ಫೋನ್ ಮಾಡಿ ಕೇಳಿದೆ.

"ಅಷ್ಟ್ ದೂರ ಹೋಯಿ ಕಾಂಡ್ಲಾ ಕಂಡ್ಯಾ?" ಎಂದರು. ಹಾಲಿನ ವಿಷಯಕ್ಕೆ ಉತ್ತರ ಬರಲೇ ಇಲ್ಲ.