‘ಎಎಸ್’ ಎಂದು ಬಂದ ರಿಪೋರ್ಟಿಗೆ ಸಹಿ ಹಾಕುವ ಮುನ್ನ

ಸಿಕಲ್ ಸೆಲ್ ಎಂದರೆ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಆನುವಂಶಿಕ ಕಾಯಿಲೆ. ಅದರ ಜೀನ್ ಪರೀಕ್ಷೆಯಲ್ಲಿ ಎಎ (ಎರಡೂ ಜೀನ್ ಮಾಮೂಲಿ), ಎಸ್‌ಎಸ್ (ಎರಡೂ ಸಿಕಲ್) ಎಂದು ಬಂದರೆ ತಲೆನೋವು ಕಡಿಮೆ. ಲ್ಯಾಬಿನ ಎಡವಟ್ಟುಗಳು ಬಹುಪಾಲು ಬಂದು ಸೇರುವುದು ಎಎಸ್ ಎಂಬ ಖಾನೆಗೆ, ಅಂದರೆ ಒಂದು ಜೀನ್ ಮಾತ್ರ ಸಿಕಲ್ ಆಗಿರುವ ‘ವಾಹಕ, ಕಾಯಿಲೆ ಇಲ್ಲ’ ಎನ್ನುವ ಖಾನೆಗೆ.

11ನೇ ಕ್ರೋಮೋಸೋಮಿನಲ್ಲಿರುವ ಬೀಟಾ ಗ್ಲೋಬಿನ್ (ಹಿಮೋಗ್ಲೋಬಿನ್‌ನ ಒಂದು ಭಾಗ) ಜೀನಿನ 6ನೇ ಕೋಡಾನ್‌ನಲ್ಲಿ, ಅಂದರೆ ಮೂರಕ್ಷರದ ಸಂಕೇತದಲ್ಲಿ, ಜಿಎಜಿ ಇರಬೇಕಾದ ಕಡೆ ಜಿಟಿಜಿ ಇದ್ದರೆ ಅದು ಸಿಕಲ್ ಜೀನ್. ಡಿಡಿಇ-1 ಎಂಬ ಕಿಣ್ವ ಮಾಮೂಲಿ ಜೀನನ್ನು ಆ ಜಾಗದಲ್ಲಿ ಕತ್ತರಿಸುತ್ತದೆ, ಸಿಕಲ್ ಜೀನನ್ನು ಬಿಟ್ಟುಬಿಡುತ್ತದೆ. ಡಿಎನ್‌ಎ ತುಂಡುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್ ಮೇಲೆ ಎಎಗೆ ತುಂಡಾದ ಬ್ಯಾಂಡ್, ಎಸ್‌ಎಸ್‌ಗೆ ಇಡೀ ಬ್ಯಾಂಡ್, ಎಎಸ್‌ಗೆ ಎರಡೂ.

ಕಿಣ್ವ ಅರ್ಧಂಬರ್ಧ ಕೆಲಸ ಮಾಡಿದರೂ ಎರಡೂ ಬ್ಯಾಂಡ್ ಬರುತ್ತವೆ! ಆಗ ಏನೂ ಇಲ್ಲದವರು ವಾಹಕರಾಗಿಬಿಡುತ್ತಾರೆ. 20 ಮೈಕ್ರೋಲೀಟರ್ ಮಿಶ್ರಣದಲ್ಲಿ 10 ಮೈಕ್ರೋಲೀಟರ್ ಪಿಸಿಆರ್ ಉತ್ಪನ್ನ (ನಕಲು ಮಾಡಿ ಹೆಚ್ಚಿಸಿದ ಡಿಎನ್‌ಎ), 10 ಯೂನಿಟ್ ಕಿಣ್ವ, 37 ಡಿಗ್ರಿಯಲ್ಲಿ 3 ಗಂಟೆ ಸಾಕು. ಆದರೆ ಕಿಣ್ವ ಬರುವುದು ಗ್ಲಿಸರಾಲ್‌ನಲ್ಲಿ. ಟ್ಯೂಬಿಗೆ ಬಿಟ್ಟ ತಕ್ಷಣ ಪಾಕದ ಹಾಗೆ ತಳಕ್ಕಿಳಿದು ಕೂರುತ್ತದೆ. ಪಿಪೆಟ್‌ನಿಂದ ಮೆಲ್ಲಗೆ ಹತ್ತು ಸಲ ಎಳೆದು ಬಿಡದಿದ್ದರೆ ಮೇಲಿನ ಡಿಎನ್‌ಎಗೆ ಕಿಣ್ವ ತಾಗುವುದೇ ಇಲ್ಲ. ಹಾಗೆಂದು 2 ಮೈಕ್ರೋಲೀಟರ್‌ಗಿಂತ ಹೆಚ್ಚು ಸುರಿಯಬೇಡಿ, ಗ್ಲಿಸರಾಲ್ ಜಾಸ್ತಿಯಾದರೆ ಬೇಡದ ಕಡೆಯೂ ಕತ್ತರಿ ಬೀಳುತ್ತದೆ. ಎಲ್ಲರ ಜೀನಿನಲ್ಲೂ ಕತ್ತರಿಸಿಕೊಳ್ಳುವ ಇನ್ನೊಂದು ಡಿಡಿಇ-1 ಜಾಗವೂ ಉತ್ಪನ್ನದೊಳಗೆ ಬರುವಂತೆ ಪ್ರೈಮರ್ (ನಕಲು ಎಲ್ಲಿಂದ ಶುರುವಾಗಬೇಕೆಂದು ಗುರುತಿಸುವ ಡಿಎನ್‌ಎ ಚೂರು) ಆರಿಸಿದರೆ ಒಳ್ಳೆಯದು. ಅದು ಪೂರ್ತಿ ಕತ್ತರಿಸದಿದ್ದರೆ ಜೆಲ್‌ನ ಆ ಸಾಲು (ಲೇನ್) ಓದಲೇಬಾರದು. ಗೊತ್ತಿರುವ ಎಎ, ಎಎಸ್, ಎಸ್‌ಎಸ್ ಮಾದರಿಗಳು, ಜೊತೆಗೆ ಡಿಎನ್‌ಎ ಹಾಕದ ಖಾಲಿ ಟ್ಯೂಬ್ ಪ್ರತಿ ರನ್‌ನಲ್ಲೂ ಇರಲಿ.

ರಕ್ತ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲೇ ಬರಬೇಕು. ಹಸಿರು ಮುಚ್ಚಳದ ಹೆಪರಿನ್ ಪಿಸಿಆರ್ ಕೆಡಿಸುತ್ತದೆ.

ಇವೆಲ್ಲ ಸರಿಯಿದ್ದೂ ದಾರಿ ತಪ್ಪಿಸುವ ಎಎಸ್ ಒಂದಿದೆ. ಒಂದು ಕಡೆಯಿಂದ ಸಿಕಲ್, ಇನ್ನೊಂದು ಕಡೆಯಿಂದ ಬೀಟಾ ಥಲಸೀಮಿಯಾ (ಬೀಟಾ ಗ್ಲೋಬಿನ್ ಕಡಿಮೆ ತಯಾರಾಗುವ ಅಥವಾ ತಯಾರಾಗದ ಜೀನ್ ದೋಷ) ಪಡೆದ ಮಗುವಿನ 6ನೇ ಕೋಡಾನ್ ಮಾತ್ರ ನೋಡಿದರೆ ಎಎಸ್ ಎಂದೇ ಬರುತ್ತದೆ. ಮಗು ಮಾತ್ರ ಮೈಕೈ ನೋವಿನಿಂದ ಒದ್ದಾಡುತ್ತಿರುತ್ತದೆ. ಇದು ಅಪರೂಪದ ಕಾಕತಾಳೀಯವಲ್ಲ. ಸಿಕಲ್ ವಾಹಕರಿಗೆ ಫಾಲ್ಸಿಪ್ಯಾರಮ್ ಮಲೇರಿಯಾದಿಂದ ರಕ್ಷಣೆಯಿದೆ ಎಂದು ಆಂಥೋನಿ ಅಲಿಸನ್ 1954ರಲ್ಲಿ ತೋರಿಸಿದರು. ಥಲಸೀಮಿಯಾ ಉಳಿದು ಬಂದದ್ದೂ ಮಲೇರಿಯಾದ ಒತ್ತಡದಿಂದಲೇ. ಹಾಗಾಗಿ ಎರಡೂ ಒಂದೇ ಸೀಮೆಯಲ್ಲಿ ಸಿಗುತ್ತವೆ. ಭಾರತದಲ್ಲಿ ಸಿಕಲ್ ಜೀನ್ 1952ರಲ್ಲಿ ಮೊದಲು ವರದಿಯಾದದ್ದು ನಮ್ಮ ಗಡಿಗೆ ಅಂಟಿದ ನೀಲಗಿರಿಯ ಬುಡಕಟ್ಟುಗಳಲ್ಲಿ.

ಆದ್ದರಿಂದ ಡಿಎನ್‌ಎ ಫಲಿತಾಂಶದ ಪಕ್ಕದಲ್ಲೇ ಎಚ್‌ಪಿಎಲ್‌ಸಿ (ರಕ್ತದ ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ) ಗ್ರಾಫ್ ಇಟ್ಟು ನೋಡಿ. ನಿಜವಾದ ವಾಹಕರಲ್ಲಿ ಎಸ್ ಹಿಮೋಗ್ಲೋಬಿನ್‌ಗಿಂತ ಎ ಹಿಮೋಗ್ಲೋಬಿನ್ ಹೆಚ್ಚು. ಎಸ್ ಮೇಲಾಗಿದ್ದರೆ, ಅಥವಾ ಎ ಸುಳಿವೇ ಇಲ್ಲದಿದ್ದರೆ, ಎಂಸಿವಿ (ಕೆಂಪು ಕಣಗಳ ಸರಾಸರಿ ಗಾತ್ರ) ಕಡಿಮೆಯಿದೆಯೇ ನೋಡಿ, ಬೀಟಾ ಜೀನನ್ನು ಪೂರ್ತಿ ಸೀಕ್ವೆನ್ಸ್ ಮಾಡಿಸಿ, ತಂದೆತಾಯಿಯ ರಕ್ತ ತರಿಸಿ. ಮೂರು ತಿಂಗಳೊಳಗೆ ರಕ್ತ ಏರಿಸಿದ್ದರೆ ಲೆಕ್ಕವೇ ಬುಡಮೇಲು: ದಾನಿಯ ಎ ಸೇರಿ, ಎಸ್‌ಎಸ್ ಇದ್ದವರ ಗ್ರಾಫೂ ವಾಹಕರದ್ದರಂತೆ ಕಾಣುತ್ತದೆ. ಅಲ್ಲಿ ಬಿಳಿ ಕಣಗಳಿಂದ ತೆಗೆದ ಡಿಎನ್‌ಎ ಮಾತೇ ನಂಬಿಕೆಗೆ ಅರ್ಹ. ರಕ್ತ ಏರಿಸಿದ ದಿನಾಂಕದ ಕಾಲಂ ಖಾಲಿ ಬಿಟ್ಟ ಫಾರಂ ಬಂದರೆ ವಾರ್ಡಿಗೆ ಫೋನ್ ಮಾಡಿ ಕೇಳಿಯೇ ಮಾದರಿ ಒಳಗೆ ತೆಗೆದುಕೊಳ್ಳಿ.