ನರಗುಂದದ ಗುಡ್ಡ: ನೀರು ತುಂಬಿಕೊಂಡು, ಬಿಸಿಲೇರುವ ಮುಂಚೆ

ಹುಬ್ಬಳ್ಳಿಯಿಂದ ಬಾಗಲಕೋಟೆ, ವಿಜಯಪುರದ ಕಡೆ ಹೋಗುವವರು ನರಗುಂದದ ಗುಡ್ಡವನ್ನು ಬಸ್ಸಿನ ಕಿಟಕಿಯಿಂದಲೇ ನೋಡಿ ಮುಂದೆ ಹೋಗಿಬಿಡುತ್ತಾರೆ. ಗುಡ್ಡ ಭಾರೀ ಎತ್ತರದ್ದಲ್ಲ. ಆದರೆ ಸುತ್ತಲೂ ಸಪಾಟು ಎರಿಭೂಮಿ ಇರುವುದರಿಂದ ಬಹಳ ದೂರದಿಂದಲೇ ಕಾಣುತ್ತದೆ. ಇಳಿದು ಹತ್ತಿ ನೋಡಲೇಬೇಕಾದ ಗುಡ್ಡ ಇದು. ಗುಡ್ಡ, ಊರು ಎರಡಕ್ಕೂ ಸೇರಿ ಅರ್ಧ ದಿನ ಸಾಕು, ಅದು ಮುಂಜಾನೆಯ ಅರ್ಧ ದಿನವಾಗಿರಬೇಕು ಅಷ್ಟೇ.

ಹುಬ್ಬಳ್ಳಿಯಿಂದ ದೂರ ಸುಮಾರು 55 ಕಿ.ಮೀ. ನರಗುಂದಕ್ಕೆ ರೈಲಿಲ್ಲ, ಬಸ್ಸೇ ಗತಿ. ಬೋರ್ಡಿನ ಮೇಲೆ ಬಾಗಲಕೋಟೆ, ವಿಜಯಪುರ ಎಂದಿದ್ದರೆ ಸಾಲದು. ‘ನವಲಗುಂದ ಮೇಲೆ ಹೋಗತದೇನ್ರಿ?’ ಎಂದು ಕಂಡಕ್ಟರನ್ನು ಕೇಳಿಯೇ ಹತ್ತಿ, ಬೇರೆ ದಾರಿ ಹಿಡಿಯುವ ಬಸ್ಸುಗಳೂ ಇರುತ್ತವೆ. ಗದಗಿನಿಂದಲೂ ಬಸ್ಸುಗಳಿವೆ. ಹೋಳಿಯ ದಿನಗಳಲ್ಲಿ ನವಲಗುಂದದ ರಾಮಲಿಂಗ ಕಾಮಣ್ಣನ ದರ್ಶನಕ್ಕೆ, ಅದರ ಬೆನ್ನಿಗೇ ಯಮನೂರಿನ ಜಾತ್ರೆಗೆ ಜನ ಕಿಕ್ಕಿರಿಯುತ್ತಾರೆ. ಜಾತ್ರೆ ನೋಡುವ ಮನಸ್ಸಿದ್ದವರು ಆಗಲೇ ಹೋಗಲಿ. ಗುಡ್ಡ ಮಾತ್ರ ನೋಡುವವರು ಆ ವಾರ ಬಿಟ್ಟು ಹೋಗುವುದು ಒಳ್ಳೆಯದು.

ಮಳೆಗಾಲದಲ್ಲಿ ಇನ್ನೊಂದು ತೊಂದರೆ, ನವಲಗುಂದ ದಾಟಿದ ಮೇಲೆ ದಾರಿಗೆ ಅಡ್ಡ ಬರುವ ಬೆಣ್ಣಿಹಳ್ಳದ್ದು. ಬೇಸಿಗೆಯಲ್ಲಿ ಇದೇನು ಹಳ್ಳ ಎನ್ನುವಂತಿರುತ್ತದೆ. ಮೇಲ್ಭಾಗದಲ್ಲಿ ಜೋರು ಮಳೆಯಾದರೆ, ನವಲಗುಂದದಲ್ಲಿ ಹನಿ ಬೀಳದಿದ್ದರೂ, ಇಲ್ಲಿ ನೀರೇರಿ ರಸ್ತೆ ಬಂದಾಗಬಹುದು. 2019ರ ಆಗಸ್ಟ್‌ನಲ್ಲಿ ನರಗುಂದದಾಚೆ ಕೊಣ್ಣೂರಿನ ಹತ್ತಿರ ಮಲಪ್ರಭೆ ಉಕ್ಕಿ ಹೆದ್ದಾರಿಯನ್ನೇ ಮುಳುಗಿಸಿತ್ತು. ಹೊರಡುವ ಹಿಂದಿನ ದಿನ ನಿಮ್ಮೂರಿನ ಮೋಡ ನೋಡಬೇಡಿ, ಹಳ್ಳದ ಸುದ್ದಿ ಕೇಳಿ.

ಎಲ್ಲಕ್ಕಿಂತ ಒಳ್ಳೆಯ ಕಾಲ ನವೆಂಬರ್‌ನಿಂದ ಜನವರಿ. ಕೆಳಗೆ ಹೊಲಗಳಲ್ಲಿ ಕಡಲೆ, ಜೋಳ, ಗೋಧಿ ನಿಂತಿರುತ್ತವೆ, ಗಾಳಿ ತಣ್ಣಗಿರುತ್ತದೆ. ಮಾರ್ಚ್ ಬಂತೆಂದರೆ ಮುಂಜಾನೆ ಒಂಬತ್ತಕ್ಕೇ ಬಂಡೆ ಕಾಯತೊಡಗುತ್ತದೆ. ನೆರಳೆಂಬುದು ಹೆಸರಿಗಷ್ಟೇ, ಹಾಗಾಗಿ ಏಳರೊಳಗೆ ಹತ್ತಲು ಶುರುಮಾಡಿ. ಏರು ಚಿಕ್ಕದು, ಆದರೆ ಕಡಿದು. ಹತ್ತಿ, ಮೇಲೆ ಸುತ್ತಾಡಿ, ಇಳಿಯಲು ಮೂರು ತಾಸು ಇಟ್ಟುಕೊಳ್ಳಿ. ಜನ ಬೀಳುವುದು ಹತ್ತುವಾಗ ಅಲ್ಲ, ಇಳಿಯುವಾಗ. ಬಂಡೆಯ ಮೇಲೆ ಹರಡಿದ ಸಣ್ಣ ಕಲ್ಲುಗಳು ಕಾಲಡಿ ಉರುಳುತ್ತವೆ. ಹಿಡಿತವಿರುವ ಬೂಟು ಬೇಕು. ತೆಳು ಚಪ್ಪಲಿಯನ್ನು ಜಾಲಿಮುಳ್ಳು ಸಲೀಸಾಗಿ ದಾಟುತ್ತದೆ. ಮಳೆ ಬಿದ್ದ ಮರುದಿನ ಹೊಲದಂಚಿನ ಅಡ್ಡದಾರಿ ಹಿಡಿಯಬೇಡಿ. ಎರಿಮಣ್ಣು ಹೆಜ್ಜೆಹೆಜ್ಜೆಗೂ ಅಂಟಿ ಬೂಟು ಎತ್ತಲಾಗದಷ್ಟು ಭಾರವಾಗುತ್ತದೆ, ಆ ಕಾಲಿನಲ್ಲಿ ಬಂಡೆ ಮೆಟ್ಟಿದರೆ ಜಾರುವುದು ಖಂಡಿತ.

ತಲೆಗೆ ಎರಡು ಲೀಟರ್‌ ನೀರು ಕೆಳಗಿನಿಂದಲೇ ಒಯ್ಯಬೇಕು. ಇದಕ್ಕೊಂದು ಇತಿಹಾಸವೂ ಇದೆ. ಶಿವಾಜಿಯ ಕಾಲದಲ್ಲಿ, 1674ರಲ್ಲಿ, ಇಲ್ಲಿ ಕೋಟೆ ಎದ್ದಿತು. ಮುಂದೆ ಭಾವೆ ಮನೆತನ ಇಲ್ಲಿಂದ ಆಳಿತು. ಕೊನೆಯ ಅರಸ ಭಾಸ್ಕರರಾವ್, ಜನರ ಬಾಯಲ್ಲಿ ಬಾಬಾಸಾಹೇಬ, ದತ್ತಕಕ್ಕೆ ಬ್ರಿಟಿಷರು ಒಪ್ಪದಿದ್ದಾಗ ತಿರುಗಿಬಿದ್ದ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನನ್ನು ಅವನ ಕಡೆಯವರು ಕೊಂದು, ರುಂಡ ತಂದು ನರಗುಂದದಲ್ಲಿ ತೂಗುಹಾಕಿದರು. ಕೆಲವೇ ದಿನಗಳಲ್ಲಿ ಕೋಟೆ ಬ್ರಿಟಿಷರ ಕೈಸೇರಿತು, ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಇನ್ನೊಮ್ಮೆ ಯಾರೂ ಇಲ್ಲಿ ಬೀಡುಬಿಡಬಾರದೆಂದು ಕೋಟೆ ಕೆಡವಿದ ಬ್ರಿಟಿಷರು, ನೀರಿನ ಹೊಂಡಗಳನ್ನೂ ಹಾಳುಮಾಡಿಸಿದರು. ನೀರಿಲ್ಲದ ಕೋಟೆ ಯಾರಿಗೂ ದಕ್ಕುವುದಿಲ್ಲವೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮೇಲೆ ಹೋಗಿ ಚಿತ್ರದುರ್ಗದಂಥ ಕೋಟೆ ಹುಡುಕಿದರೆ ನಿರಾಸೆಯಾಗುತ್ತದೆ. ಉಳಿದ ಗೋಡೆಗಳನ್ನು ಈ ಸಂಗತಿ ನೆನಪಿಟ್ಟುಕೊಂಡು ನೋಡಿದರೆ ಪ್ರತಿ ಕಲ್ಲೂ ಮಾತಾಡುತ್ತದೆ. ಸಡಿಲ ಗೋಡೆಗಳ ಮೇಲೆ ಹತ್ತಬೇಡಿ, ಮಕ್ಕಳನ್ನು ಅಂಚಿನ ಕಡೆ ಬಿಡಬೇಡಿ.

ಇಳಿದ ಮೇಲೆ ಗುಡ್ಡದ ಮಗ್ಗುಲಿನ ವೆಂಕಟೇಶ್ವರ ಗುಡಿ, ಊರೊಳಗಿನ ಹಳೆಯ ಹೆಬ್ಬಾಗಿಲು ಕೆಂಪಗಸಿ ನೋಡಿ. ರೈತರ ವೀರಗಲ್ಲನ್ನು ಬಿಟ್ಟು ಬರುವುದು ಮಾತ್ರ ಸರಿಯಲ್ಲ. ಮಲಪ್ರಭಾ ಅಚ್ಚುಕಟ್ಟಿನಲ್ಲಿ ಹೊಲಕ್ಕೆ ನೀರು ಸರಿಯಾಗಿ ಮುಟ್ಟದಿದ್ದರೂ ಕರ ಕಟ್ಟಿ ಎಂದಾಗ ರೈತರು ಸಿಡಿದೆದ್ದರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಪೊಲೀಸರ ಗುಂಡಿಗೆ ಜೀವಗಳು ಹೋದವು. ರಾಜ್ಯದ ರೈತ ಚಳವಳಿಗೆ ಬಲ ಬಂದದ್ದು ಇಲ್ಲಿಂದ. ಪ್ರತಿ ವರ್ಷ ಅದೇ ದಿನ ರೈತರು ಇಲ್ಲಿ ಸೇರುತ್ತಾರೆ. 2015ರಲ್ಲಿ ಮಹದಾಯಿ ನೀರಿಗಾಗಿ ಧರಣಿ ಕೂತದ್ದೂ ಇದೇ ಊರು. ಗುಡ್ಡದ ಮೇಲಿನಿಂದ ಆ ಬಯಲನ್ನು ನೋಡಿ ಬಂದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ.

ಊಟಕ್ಕೆ ಖಾನಾವಳಿ ಹುಡುಕಿ. ಜೋಳದ ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಚಟ್ನಿ, ಮೊಸರು ಸಿಕ್ಕರೆ ಮುಗಿಯಿತು. ಸಂಜೆಯತನಕ ಇರುವವರಿಗೆ ಗಿರಮಿಟ್, ಮಿರ್ಚಿ.

ವಾಪಸಾಗುವಾಗ ಸಮಯವಿದ್ದರೆ ನವಲಗುಂದದಲ್ಲಿ ಇಳಿದು ಜಮಖಾನ ನೇಯುವವರ ಮನೆ ಕೇಳಿಕೊಂಡು ಹೋಗಿ. ಮಗ್ಗದ ಮುಂದೆ ಕೂತು ಹೆಣ್ಣುಮಕ್ಕಳು ಕೈಯಿಂದ ನೇಯುವ ಈ ಜಮಖಾನಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಕೊಳ್ಳುವುದಾದರೆ ನೇಯ್ದವರಿಂದಲೇ ಕೊಳ್ಳಿ, ಚೌಕಾಸಿ ಮಾಡಬೇಡಿ. ಮುಂದೆ ಬಾದಾಮಿಗೆ ಹೋಗುವವರು ನರಗುಂದದಿಂದ ಕೊಣ್ಣೂರು ದಾಟಿ ಕುಳಗೇರಿ ಕ್ರಾಸಿನಲ್ಲಿ ತಿರುಗಬೇಕು. ನೇರ ಬಸ್ ಸಿಗದಿದ್ದರೆ ಕ್ರಾಸಿಗೆ ಇಳಿದು ಬೇರೆ ಬಸ್ ಹಿಡಿಯಿರಿ. ಮಧ್ಯಾಹ್ನ ಮೂರರೊಳಗೆ ನರಗುಂದ ಬಿಟ್ಟರೆ ಕತ್ತಲಾಗುವ ಮುಂಚೆ ಬಾದಾಮಿ ಸೇರಬಹುದು.